ಅಕ್ಕನನ್ನು ಕರೆಯದ ಶಾಲೆ

ಲಂಕೆಗೆ ಹೋಗಿ ಬಂದೆ ಅಂದರೆ ನಮ್ಮ ಹೆಮ್ಮಿಗೆಯಲ್ಲಿ ಎಲ್ಲರೂ ಮೊದಲು ಕೇಳುವುದು ರಾವಣನ ವಿಚಾರ. ಸೀತೆಯನ್ನು ಕೂರಿಸಿದ್ದ ವನ ಇನ್ನೂ ಇದೆಯಾ, ಹನುಮಂತ ಬೆಂಕಿ ಇಟ್ಟ ಕಡೆ ಮಣ್ಣು ಕಪ್ಪಗಿದೆಯಾ ಎಂದು. ನಾನು ಅದ್ಯಾವುದನ್ನೂ ನೋಡಲಿಲ್ಲ. ಬೆಟ್ಟದ ಮೇಲಿನ ಒಂದು ಸರ್ಕಾರಿ ಶಾಲೆಯನ್ನು ನೋಡಿಕೊಂಡು ಬಂದೆ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. "ಇಸ್ಕೂಲ್ ನೋಡಕ್ಕೆ ಸಮುದ್ರ ದಾಟ್ಬೇಕಿತ್ತಾ? ನಮ್ಮೂರ್ದು ಬಿದ್ದೋಗಿತ್ತಾ?" ಎಂದು ನಮ್ಮ ದೊಡ್ಡಮ್ಮ ಕೇಳಿದಳು. ಅವಳಿಗೆ ನಿಂತ ನಿಲುವಿನಲ್ಲಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಂಜನಗೂಡು

ನಾನು ಓದಿರುವುದು ಏಳನೇ ತರಗತಿ. ಮದುವೆಯಾದ ಮೇಲೆ ಕೆಲವು ವರ್ಷ ಕೊಳ್ಳೇಗಾಲದಲ್ಲಿದ್ದೆವು. ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ರೇಷ್ಮೆ ನೂಲಿನ ಘಟಕ ಮುಚ್ಚಿದ ಮೇಲೆ ತವರೂರಿಗೇ ಬಂದು ಅವ್ವನ ಮನೆಯ ಪಕ್ಕ ಇದ್ದೇವೆ. ಕೊಳ್ಳೇಗಾಲದಲ್ಲಿ ಅಕ್ಕಪಕ್ಕದವರೆಲ್ಲ ತಮಿಳಿನವರಾದ್ದರಿಂದ ನಲ್ಲಿ ನೀರಿನ ಜಗಳಕ್ಕೆ ಸಾಕಾಗುವಷ್ಟು ತಮಿಳು ನನಗೆ ಬರುತ್ತದೆ. ಅದೇ ಮುಂದೆ ಉಪಯೋಗಕ್ಕೆ ಬಂತು.

ನಂಜನಗೂಡಿನಲ್ಲಿ ಆಫೀಸು ಮಾಡಿಕೊಂಡಿರುವ ಒಂದು ಸಂಸ್ಥೆಯಿದೆ. ಬುದ್ಧಿ ನಿಧಾನವಾಗಿರುವ, ಮಾತು ಬಾರದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳು ಊರ ಶಾಲೆಯಲ್ಲೇ ಎಲ್ಲರ ಜೊತೆ ಕೂತು ಓದಬೇಕು ಎನ್ನುವುದು ಅವರ ಕೆಲಸ. ಒಂದೊಂದು ಊರಿನ ಶಾಲೆಗೆ ಒಬ್ಬೊಬ್ಬ ಹೆಂಗಸನ್ನು ಸಹಾಯಕ್ಕೆ ಇಡುತ್ತಾರೆ. ಹೆಮ್ಮಿಗೆಗೆ ನನ್ನನ್ನು ಇಟ್ಟರು. ಆಫೀಸಿನ ವಸುಂಧರಾ ಮೇಡಂ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಿದಾಗ ನನ್ನ ತಮ್ಮ ನಂಜನ ಬಗ್ಗೆ ಹೇಳಿದ್ದೆ. ಅವನಿಗೆ ನನಗಿಂತ ಎರಡು ವರ್ಷ ಚಿಕ್ಕ ವಯಸ್ಸು, ಬುದ್ಧಿ ಮಾತ್ರ ನಾಲ್ಕೈದು ವರ್ಷದ ಮಗುವಿನದು. "ಹಾಗಾದರೆ ನಿಮಗೆ ನಾವು ಹೇಳಿಕೊಡೋದು ಏನೂ ಇಲ್ಲ ಮಂಗಳಾ" ಎಂದು ಮೇಡಂ ನಕ್ಕರು. ನಾನು ನೆಲ ನೋಡಿದೆ. ನಾಚಿಕೆಯ ಹೆಂಗಸು ಎಂದುಕೊಂಡಿರಬೇಕು.

ನಮ್ಮ ಶಾಲೆಯ ಎರಡನೇ ತರಗತಿಯಲ್ಲಿ ಅಭಿ ಎಂಬ ಹುಡುಗನಿದ್ದಾನೆ. ಮಾತು ಬರುವುದಿಲ್ಲ. ಗಲಾಟೆ ಜಾಸ್ತಿಯಾದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ನಾನು ಎತ್ತಿಕೊಂಡರೂ ನಿಲ್ಲುವುದಿಲ್ಲ, ಬೆಲ್ಲ ಕೊಟ್ಟರೂ ನಿಲ್ಲುವುದಿಲ್ಲ. ಐದನೇ ತರಗತಿಯಲ್ಲಿರುವ ಅವನ ಅಕ್ಕ ಸಹನಾ ಬಂದು ಬೆನ್ನ ಮೇಲೆ ಕೈಯಿಟ್ಟರೆ ನಿಲ್ಲುತ್ತದೆ. ಇದನ್ನು ಕಂಡುಕೊಂಡ ಮೇಲೆ ನನ್ನ ಕೆಲಸ ಸುಲಭವಾಯಿತು. ಅಭಿ ಕಿರುಚಿದ ಕೂಡಲೇ ನಾನು ಐದನೇ ತರಗತಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಕರೆಯುವುದೂ ಬೇಕಿರಲಿಲ್ಲ, ನನ್ನ ಸೀರೆ ಕಂಡರೆ ಸಹನಾ ಎದ್ದು ಬರುತ್ತಿದ್ದಳು. ಹೆಮ್ಮಿಗೆಯಲ್ಲಿ ಮಗು ಅಳುವುದೇ ಇಲ್ಲ ಎಂದು ಮೇಡಂ ಬೇರೆ ಊರಿನವರ ಮುಂದೆ ಹೊಗಳುತ್ತಿದ್ದರು. ಸಂಸ್ಥೆಯಿಂದ ಲಂಕೆಯ ಶಾಲೆಯೊಂದನ್ನು ನೋಡಲು ಹೋಗುವವರಲ್ಲಿ ನನ್ನ ಹೆಸರು ಬಂದದ್ದೂ ಅದಕ್ಕೇ.

ಹೊರಡುವ ವಾರ ಅಭಿಯ ತಾಯಿ ರತ್ನ ನ್ಯಾಯಬೆಲೆ ಅಂಗಡಿಯ ಮುಂದೆ ಸಿಕ್ಕಿದಳು. ಸಿಟ್ಟಿನಲ್ಲಿದ್ದಳು.

"ನೋಡಕ್ಕ, ಎಡ್ ಮಿಸ್ಸು ಅಭೀನ ಇನ್ ಕಳುಸ್ಬ್ಯಾಡಿ ಅಂದವ್ರಂತೆ. ಸಹನಾ ಕೈಲಿ ಏಳ್ಕಳ್ಸವ್ರೆ. ನಮ್ ಮಗ ಅಷ್ಟು ಭಾರ ಆಗೋದ್ನಾ ಇವ್ರಿಗೆ?"

ಅವಳ ಹಿಂದೆ ಸಹನಾ ಜಡೆಯ ತುದಿ ಬಿಚ್ಚುತ್ತ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ನಮ್ಮ ಹೆಡ್ ಮಿಸ್ ಅಂಥ ಮಾತು ಆಡುವವರಲ್ಲ. ಆ ಸುಳ್ಳು ಎಲ್ಲಿ ಹುಟ್ಟಿತು ಎಂದು ಊರಿನಲ್ಲಿ ಬೇರೆ ಯಾರಿಗೂ ತಿಳಿಯದಿದ್ದರೂ ನನಗೆ ತಕ್ಷಣ ತಿಳಿಯಿತು. ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ, ಅದೇ ಶಾಲೆಯಲ್ಲಿ, ಅದೇ ಸುಳ್ಳನ್ನು ನಾನೂ ಹೇಳಿದ್ದೆ.

ನಾನು ಏಳನೇ ತರಗತಿಯಲ್ಲಿದ್ದಾಗ ನಂಜ ಒಂದನೇ ತರಗತಿಯಲ್ಲಿ ಕೂರುತ್ತಿದ್ದ. ಮೇಷ್ಟ್ರು ಒಳ್ಳೆಯವರು, ಕೂರಲಿ ಬಿಡು ಎಂದು ಬಿಟ್ಟಿದ್ದರು. ಆದರೆ ಅವನು ಚಡ್ಡಿ ಒದ್ದೆ ಮಾಡಿಕೊಂಡರೆ, ಅತ್ತರೆ, ಯಾರನ್ನಾದರೂ ಕಚ್ಚಿದರೆ ನನಗೆ ಕರೆ ಬರುತ್ತಿತ್ತು. ನಾನು ಎದ್ದು ಹೋಗುವಾಗ ಹಿಂದಿನಿಂದ ಹುಡುಗರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಒಂದು ಸಂಜೆ ಅವ್ವನಿಗೆ ಹೇಳಿದೆ, ನಂಜನನ್ನು ಇನ್ನು ಮೇಲೆ ಕಳಿಸಬೇಡಿ ಎಂದು ಮೇಷ್ಟ್ರು ಹೇಳಿದರು ಎಂದು. ಅವ್ವ ಮಾನವಂತೆ, ಕೇಳಲು ಹೋಗಲಿಲ್ಲ. ಮೇಷ್ಟ್ರೂ ಬಂದು ಕೇಳಲಿಲ್ಲ. ಮನೆಯವರೇ ಬಿಡಿಸಿದರು ಎಂದು ಅವರು, ಮೇಷ್ಟ್ರೇ ಓಡಿಸಿದರು ಎಂದು ನಮ್ಮವರು. ನಂಜ ಆಮೇಲೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅವನನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಇರಬೇಕಾದ್ದರಿಂದ ನನ್ನನ್ನು ನರಸೀಪುರದ ಹೈಸ್ಕೂಲಿಗೆ ಕಳಿಸಲಿಲ್ಲ. ಅವ್ವ ಈಗಲೂ ಆ ಮೇಷ್ಟ್ರ ಹೆಸರು ಬಂದರೆ ಮುಖ ತಿರುಗಿಸುತ್ತಾಳೆ.

ಅಂಗಡಿಯ ಮುಂದೆ ರತ್ನಳಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಸಹನಾ ಏಟು ತಿನ್ನುತ್ತಿದ್ದಳು, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ನನ್ನ ಕಡೆ ತಿರುಗುತ್ತಿತ್ತು. ಬಂದ ಮೇಲೆ ನೋಡಾನ ಬುಡು ಎಂದುಬಿಟ್ಟೆ. ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಮೇಡಂ ಜೊತೆ ಮೈಸೂರು ಬಸ್ಸು ಹತ್ತುವಾಗ ಅಭಿ ಮನೆಯಲ್ಲಿದ್ದ. ನಾನು ಪರದೇಶದಲ್ಲಿ ಇಂಥ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ಕಲಿಯಲು ಹೊರಟಿದ್ದೆ.

ಕೊಲಂಬೊ

ನಮ್ಮ ಜೊತೆ ಕವಲಂದೆಯ ಕಡೆಯ ಶಾಲೆಯೊಂದರ ಮಹದೇವಪ್ಪ ಮೇಷ್ಟ್ರು ಇದ್ದರು. ಹಣೆ ತುಂಬ ವಿಭೂತಿ. ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ಕಾಯಿಸಿದ ನೀರನ್ನೂ ಕುಡಿಯುವವರಲ್ಲ. ಹೊರದೇಶದಲ್ಲಿ ಏನು ತಿನ್ನುತ್ತೀರಿ ಮೇಷ್ಟ್ರೇ ಎಂದು ಕೇಳಿದರೆ, ಗಾಳಿ ಕುಡಿದುಕೊಂಡು ಇರುತ್ತೇನೆ ಎನ್ನುತ್ತಿದ್ದರು. ಅವರ ಕಷ್ಟ ನೋಡಲಾರದೆ ನಾನು ಒಂದು ಚೀಲ ರಾಗಿ ಹುರಿಹಿಟ್ಟು ಕಟ್ಟಿಕೊಂಡಿದ್ದೆ.

ಚೆನ್ನೈನಿಂದ ವಿಮಾನ. ಮೇಲೆ ಏರಿತು, ತಿಂಡಿ ಕೊಟ್ಟರು, ತಿಂದು ಕೈ ಒರೆಸುವಷ್ಟರಲ್ಲಿ ಇಳಿಯಿತು. ನರಸೀಪುರದಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತೂ ಆಗಲಿಲ್ಲವೇನೋ ಅನಿಸಿತು. ಇಷ್ಟು ಹತ್ತಿರದ ಊರಿಗೆ ರಾಮ ಯಾಕೆ ಅಷ್ಟು ಕಷ್ಟಪಟ್ಟ ಎಂದು ಮೇಷ್ಟ್ರು ಕೇಳಿದರು. ಟಿಕೆಟ್ ಸಿಗಲಿಲ್ಲವೇನೋ ಎಂದು ಮೇಡಂ ಹೇಳಿದರು.

ಅಲ್ಲಿ ಆಗ ಯುದ್ಧ ನಿಂತಿದ್ದ ಕಾಲ. ನಿಂತಿದ್ದರೂ ರಸ್ತೆಯ ತಿರುವಿನಲ್ಲೆಲ್ಲ ಮರಳು ಮೂಟೆ, ಬಂದೂಕು ಹಿಡಿದ ಹುಡುಗರು. ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ಕಂದು ಬಣ್ಣದ ಪುಡಿ ಕಂಡಿತು. ಅಧಿಕಾರಿ ಚೀಲವನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಮೇಡಂ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಮೇಷ್ಟ್ರು ತಡೆಯಲಾರದೆ ಒಂದು ಹಿಡಿ ಹಿಟ್ಟು ಬಾಯಿಗೆ ಹಾಕಿಕೊಂಡು ತೋರಿಸಿದರು. ಒಣ ಹಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ಎದುರಿಗಿದ್ದವನ ನೀಲಿ ಅಂಗಿಯ ಮೇಲೆಲ್ಲ ಹಿಟ್ಟು ಹಾರಿತು. ಇನ್ನು ಜೈಲೇ ಗತಿ ಎಂದುಕೊಂಡೆ. ಆತ ಅಂಗಿಯ ಮೇಲಿನ ಹಿಟ್ಟನ್ನು ಬೆರಳಲ್ಲಿ ಒರೆಸಿ ಮೂಸಿ ನೋಡಿ, "ಕುರಕ್ಕನ್" ಎಂದ. ರಾಗಿಗೆ ಅವರಲ್ಲಿ ಹಾಗೆ ಹೆಸರು. ಅವನ ಅಜ್ಜಿಯೂ ಹೀಗೆ ಹುರಿದು ಬೀಸುತ್ತಿದ್ದಳಂತೆ. ನೀರಿನ ಬಾಟಲಿ ತಂದು ಮೇಷ್ಟ್ರಿಗೆ ಕೊಟ್ಟು, ಚೀಲವನ್ನು ಅವನೇ ಕಟ್ಟಿದ.

ಅಲ್ಲಿನ ಅಕ್ಷರ ನೋಡಿ ನನಗೆ ತಮಾಷೆಯಾಯಿತು. ದೂರದಿಂದ ಕನ್ನಡದ ಹಾಗೇ ಕಾಣುತ್ತದೆ, ಎಲ್ಲ ಗುಂಡಗೆ. ಅಂಗಡಿಯ ಬೋರ್ಡು ಓದಲು ಬಾಯಿ ತೆರೆದೆ, ಒಂದು ಅಕ್ಷರವೂ ಕೈಗೆ ಸಿಗಲಿಲ್ಲ. ಗೊತ್ತಿರುವವರೇ ಎಂದು ಹಿಂದಿನಿಂದ ಹೆಗಲು ಮುಟ್ಟಿ, ಅವರು ತಿರುಗಿದಾಗ ಬೇರೆಯವರಾದರೆ ಆಗುವಂಥ ಪೆಚ್ಚು.

ಬೆಟ್ಟದ ದಾರಿ

ಕ್ಯಾಂಡಿ ದಾಟಿ ಇನ್ನೂ ಮೇಲೆ ಹೋದೆವು. ಶಾಲೆಯ ಗೇಟಿಗೆ ಹೋದರೆ ಬೀಗ. ಮೇಡಂ ಎಲ್ಲ ಸರಿಯಾಗಿ ಗೊತ್ತುಮಾಡಿದ್ದರು, ಹುಣ್ಣಿಮೆ ಒಂದನ್ನು ನೋಡಿರಲಿಲ್ಲ. ಅಲ್ಲಿ ಪ್ರತಿ ಹುಣ್ಣಿಮೆಗೂ ದೇಶಕ್ಕೆಲ್ಲ ರಜ. ಶಾಲೆಯಿಲ್ಲ, ಆಫೀಸಿಲ್ಲ, ಮಾಂಸದ ಅಂಗಡಿಯಿಲ್ಲ, ಹೆಂಡದ ಅಂಗಡಿಯಿಲ್ಲ. ಬಿಳಿ ಬಟ್ಟೆ ಉಟ್ಟ ಜನ ಹೂ ಹಿಡಿದು ಬುದ್ಧನ ಗುಡಿಗೆ ಹೋಗುತ್ತಿದ್ದರು. ನಮ್ಮಲ್ಲಿ ಅಮಾವಾಸ್ಯೆಗೆ ಹೊಸ ಕೆಲಸಕ್ಕೆ ಕೈಹಾಕದೆ ಕೂರುತ್ತಾರೆ, ಇಲ್ಲಿ ಹುಣ್ಣಿಮೆಗೆ ಎಲ್ಲವನ್ನೂ ನಿಲ್ಲಿಸಿ ಕೂರುತ್ತಾರೆ. ಹೆಂಡದಂಗಡಿ ತಿಂಗಳಿಗೊಂದು ದಿನ ಮುಚ್ಚುವುದಾದರೆ ನಮ್ಮ ತಾಲ್ಲೂಕಿನ ಹೆಂಗಸರೆಲ್ಲ ಬುದ್ಧನಿಗೆ ನಡೆದುಕೊಳ್ಳುತ್ತೇವೆ ಎಂದು ನಾನು ಹೇಳಿದ್ದಕ್ಕೆ ಮೇಡಂ ಬಹಳ ನಕ್ಕರು.

ಉಳಿದುಕೊಂಡ ಮನೆಯಲ್ಲಿ ಟೀ ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ. ಎಡಗೈಗೆ ಒಂದು ಚೂರು ಬೆಲ್ಲ ಹಾಕಿದರು. ನಾನು ಬೆಲ್ಲವನ್ನು ಲೋಟಕ್ಕೆ ಹಾಕಿ ಬೆರಳಲ್ಲಿ ಕದಡಿದೆ, ಮನೆಯ ಮಕ್ಕಳೆಲ್ಲ ಬಂದು ಸುತ್ತ ನಿಂತು ನೋಡಿದರು. ಬೆಲ್ಲ ಕಚ್ಚಿಕೊಂಡು ಟೀ ಗುಟುಕರಿಸಬೇಕಂತೆ.

ರಾತ್ರಿ ಊಟಕ್ಕೆ ನಮ್ಮ ಒತ್ತುಶಾವಿಗೆಯಂಥದ್ದು, ಜೊತೆಗೆ ತೆಂಗಿನಕಾಯಿ ತುರಿದು ಮೆಣಸಿನಕಾಯಿ ಹಾಕಿ ಕುಟ್ಟಿದ ಕೆಂಪು ಚಟ್ನಿ. ಮೇಷ್ಟ್ರಿಗೆ ಜೀವ ಬಂತು. ನಮ್ಮ ಕಡೆ ಚಟ್ನಿಗೆ ಈ ರುಚಿ ಯಾಕೆ ಬರುವುದಿಲ್ಲ ಎಂದು ಹೊಗಳಿ ಹೊಗಳಿ ಹಾಕಿಸಿಕೊಂಡರು. ಮೊದಲ ತುತ್ತಿಗೇ ನನಗೆ ಗೊತ್ತಾಯಿತು, ಅದರಲ್ಲಿ ಒಣಮೀನಿನ ಪುಡಿಯಿತ್ತು. ನಮ್ಮದು ಹೊಳೆ ದಡದ ಊರು, ಮೀನು ತಿನ್ನುವ ಮನೆ. ಹೇಳಬೇಕು ಎಂದು ಬಾಯಿ ತೆರೆದವಳು ನೀರು ಕುಡಿದು ಸುಮ್ಮನಾದೆ.

ಶಾಲೆ

ಮಾರನೆಯ ಬೆಳಿಗ್ಗೆ ಗೇಟು ತೆರೆದಿತ್ತು. ಮಕ್ಕಳೆಲ್ಲ ಬೆಳ್ಳಗಿನ ಬಟ್ಟೆ, ಆ ಕೆಂಪು ಮಣ್ಣಿನ ಬೆಟ್ಟದಲ್ಲಿ ಅಷ್ಟು ಬೆಳ್ಳಗೆ ಹೇಗೆ ಇರುತ್ತಾರೆ ಎನ್ನುವುದು ಕಡೆಯವರೆಗೂ ನನಗೆ ತಿಳಿಯಲಿಲ್ಲ. ಕಡ್ಡಿ ಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದರು. ನಮ್ಮನ್ನು ಕಂಡು ವೀಳ್ಯದೆಲೆ ಕೊಟ್ಟು, ಮಂಡಿಯೂರಿ ಕಾಲಿಗೆ ಬಿದ್ದರು. ನಾನು ಹಿಂದೆ ಸರಿದು ಹೂಕುಂಡ ಒಂದನ್ನು ಬೀಳಿಸಿದೆ. ಅಲ್ಲಿಯವರೆಗೆ ನನ್ನ ಕಾಲಿಗೆ ಯಾರೂ ಬಿದ್ದಿರಲಿಲ್ಲ.

ನಮ್ಮನ್ನು ನೋಡಿಕೊಳ್ಳಲು ಕುಮಾರಿ ಎಂಬ ಟೀಚರ್ ಇದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಟೀ ತೋಟದ ಪಕ್ಕ ಬೆಳೆದವರಾದ್ದರಿಂದ ತಮಿಳು ಬರುತ್ತಿತ್ತು. ಮೇಡಂ ಮತ್ತು ಮೇಷ್ಟ್ರು ಹೆಡ್ ಮೇಷ್ಟ್ರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೆ ನಾನು ಇವರ ಜೊತೆ ಕ್ಲಾಸಿನಿಂದ ಕ್ಲಾಸಿಗೆ ತಿರುಗಿದೆ. ಅಭಿಯಂಥ, ನಂಜನಂಥ ಮಕ್ಕಳು ಎಲ್ಲ ತರಗತಿಯಲ್ಲೂ ಒಬ್ಬಿಬ್ಬರಿದ್ದರು. ಯಾರು ಎಂದು ಮೊದಲ ನೋಟಕ್ಕೆ ತಿಳಿಯುತ್ತಿರಲಿಲ್ಲ. ತರಗತಿಯ ಒಂದು ಮೂಲೆಯಲ್ಲಿ ಚಾಪೆ, ಹಳೆಯ ಸೀರೆ ಕಟ್ಟಿ ಮಾಡಿದ ಮರೆ. ಗಲಾಟೆ ತಡೆಯಲಾರದ ಮಗು ತಾನೇ ಎದ್ದು ಹೋಗಿ ಅಲ್ಲಿ ಕೂರಬಹುದು. ಹಾಗೆ ಹೋದರೆ ತರಗತಿಯ ಒಂದು ಮಗು ಜೊತೆಗೆ ಹೋಗಿ ಸುಮ್ಮನೆ ಕೂರುತ್ತದೆ. ವಾರಕ್ಕೊಬ್ಬರ ಸರದಿ. ಸಮಾಧಾನ ಮಾಡಬೇಕಾಗಿಲ್ಲ, ಕೂತರೆ ಸಾಕು. ಅಷ್ಟರಲ್ಲಿ ಟೀಚರ್ ಉಳಿದವರಿಗೆ ಏನಾದರೂ ಬರೆಯಲು ಕೊಟ್ಟು ಬಂದು ಸೇರಿಕೊಳ್ಳುತ್ತಾರೆ.

ಸುಪುನ್ ಎಂಬ ಪುಟ್ಟ ಹುಡುಗ ಬಣ್ಣದ ನೀರು ಚೆಲ್ಲಿಕೊಂಡು ಜೋರಾಗಿ ಅಳುತ್ತಿದ್ದ. ಆಗ ಕಾರಿಡಾರಿನಲ್ಲಿ ಒಬ್ಬ ಹುಡುಗಿ ನೀರಿನ ಬಾಟಲಿ ಹಿಡಿದು ಬಂದಳು. ಕಿಟಕಿಯಲ್ಲಿ ಇಣುಕಿದಳು, ನೋಡಿದಳು, ಹೋದಳು. ಅವಳು ಯಾರು ಎಂದೆ. ಅವನ ಅಕ್ಕ ನದೀಶಾ ಎಂದರು ಕುಮಾರಿ. ತಮ್ಮ ಅಷ್ಟು ಅಳುತ್ತಿದ್ದಾನೆ, ಅವಳು ನಿಲ್ಲಲಿಲ್ಲ, ಟೀಚರೂ ನಿಲ್ಲು ಎನ್ನಲಿಲ್ಲ. ಮಧ್ಯಾಹ್ನ ಮಹದೇವಪ್ಪ ಮೇಷ್ಟ್ರಿಗೆ ಹೇಳಿದೆ, ಏನು ಕಲ್ಲು ಮನಸ್ಸಿನ ಜನವಪ್ಪ ಎಂದು. ಬೆಟ್ಟದ ಚಳಿಗೆ ಹಾಗಾಗುತ್ತದೆ ಎಂದು ಮೇಷ್ಟ್ರು ಚಟ್ನಿ ಹಾಕಿಸಿಕೊಂಡರು.

ಮೀಟಿಂಗ್

ಎರಡು ದಿನ ಬಿಟ್ಟು ಟೀಚರುಗಳೆಲ್ಲ ಸೇರಿದರು. ನಿಮ್ಮ ಊರಿನಲ್ಲಿ ನೀವು ಮಾಡುವ ಒಂದು ಒಳ್ಳೆಯ ಕೆಲಸ ಹೇಳಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ಮೇಡಂ ಇಂಗ್ಲಿಷಿನಲ್ಲಿ ಚೆನ್ನಾಗಿ ಹೇಳಿದರು. ಮೇಷ್ಟ್ರು, ಗಾಲಿ ಕುರ್ಚಿ ಬರಲಿ ಎಂದು ತಮ್ಮ ಶಾಲೆಗೆ ಇಳಿಜಾರು ಕಟ್ಟಿಸಿದ್ದನ್ನೂ, ಅದರ ಮೇಲೆ ಊರ ಹೆಂಗಸರು ಮೆಣಸಿನಕಾಯಿ ಒಣಗಿಸುವುದನ್ನೂ, ಗಾಲಿ ಕುರ್ಚಿಯ ಹುಡುಗಿಯೇ ಈಗ ಅದಕ್ಕೆ ಕಾವಲು ಕೂತು ಹೆಂಗಸರ ಹತ್ತಿರ ಕಡ್ಲೆಮಿಠಾಯಿ ವಸೂಲಿ ಮಾಡುವುದನ್ನೂ ಹೇಳಿ ಎಲ್ಲರನ್ನೂ ನಗಿಸಿದರು.

ನನ್ನ ಸರದಿ ಬಂತು. ನನಗೆ ಹೇಳಲು ಇದ್ದದ್ದು ಒಂದೇ. ತಮಿಳಿನಲ್ಲಿ ಹೇಳಿದೆ. ನಮ್ಮ ಶಾಲೆಯಲ್ಲಿ ಇಂಥ ಒಬ್ಬ ಹುಡುಗನಿದ್ದಾನೆ, ಅವನು ಅತ್ತರೆ ಬೈಯುವುದಿಲ್ಲ ಹೊಡೆಯುವುದಿಲ್ಲ, ಅವನ ಅಕ್ಕನನ್ನು ಕರೆದುಕೊಂಡು ಬರುತ್ತೇನೆ, ಅವಳು ಮುಟ್ಟಿದರೆ ಸುಮ್ಮನಾಗುತ್ತಾನೆ, ನಮ್ಮಲ್ಲಿ ಅಕ್ಕ ಎಂದರೆ ತಾಯಿಯ ಸಮಾನ ಎಂದೆ. ಕುಮಾರಿ ಅದನ್ನು ಸಿಂಹಳಕ್ಕೆ ತಿರುಗಿಸಿದರು. ತಲೆದೂಗುತ್ತಿದ್ದ ಟೀಚರುಗಳು ತಲೆದೂಗುವುದನ್ನು ನಿಲ್ಲಿಸಿದರು.

"ಆ ಅಕ್ಕ ಎಷ್ಟನೇ ಕ್ಲಾಸು?" ಎಂದು ಕುಮಾರಿ ಕೇಳಿದರು.

"ಐದು."

"ಅವಳು ಎದ್ದು ಬರುವಾಗ ಅವಳ ಕ್ಲಾಸಿನಲ್ಲಿ ಯಾವ ಪಾಠ ನಡೆಯುತ್ತಿರುತ್ತೆ?"

ನನಗೆ ಗೊತ್ತಿರಲಿಲ್ಲ. ಆ ಬಾಗಿಲಲ್ಲಿ ಅಷ್ಟು ಸಲ ನಿಂತಿದ್ದೇನೆ, ಬೋರ್ಡಿನ ಮೇಲೆ ಏನು ಬರೆದಿದೆ ಎಂದು ಒಂದು ದಿನವೂ ನೋಡಿರಲಿಲ್ಲ. ಕುಮಾರಿ ಚುಚ್ಚಲು ಕೇಳಿದ್ದಲ್ಲ. ಅವರೂ ಮೊದಲು ಹಾಗೇ ಕರೆಯುತ್ತಿದ್ದರಂತೆ. ಅಕ್ಕಂದಿರೂ ಅಣ್ಣಂದಿರೂ ಒಬ್ಬೊಬ್ಬರಾಗಿ ಶಾಲೆಗೆ ಬರುವುದನ್ನು ತಪ್ಪಿಸಲು ಶುರುಮಾಡಿದ ಮೇಲೆ ಕಣ್ಣು ಬಿಟ್ಟರಂತೆ. ಈಗ ಅಲ್ಲಿ ಒಂದು ಕಟ್ಟುಪಾಡು ಇದೆ. ಎಂಥ ಪರಿಸ್ಥಿತಿ ಬಂದರೂ ತಮ್ಮನಿಗಾಗಿ ಅಕ್ಕನನ್ನು ಅವಳ ಕ್ಲಾಸಿನಿಂದ ಎಬ್ಬಿಸಬಾರದು. "ಮನೆಯಲ್ಲಿ ಅವಳು ಅಕ್ಕ. ಗೇಟಿನ ಒಳಗೆ ಬಂದ ಮೇಲೆ ಅವಳೂ ನಮ್ಮ ಮಗು" ಎಂದರು.

ಕಾರಿಡಾರಿನಲ್ಲಿ ಇಣುಕಿ ನೋಡಿ ಹೋದ ನದೀಶಾ ನೆನಪಾದಳು. ಅವಳಿಗೆ ಹಾಗೆ ನಡೆದು ಹೋಗಲು ಎಷ್ಟು ದಿನ ಕಲಿಸಿರಬೇಕು.

ಹಲಸಿನ ಮರದ ಕೆಳಗೆ

ವಾರಕ್ಕೊಂದು ದಿನ ಶಾಲೆ ಬಿಟ್ಟ ಮೇಲೆ ಕುಮಾರಿ ಇಂಥ ಮಕ್ಕಳ ಅಕ್ಕ ಅಣ್ಣಂದಿರನ್ನಷ್ಟೇ ಕೂರಿಸಿಕೊಳ್ಳುತ್ತಾರೆ. ಬಾ ಎಂದು ನನ್ನನ್ನೂ ಕರೆದರು. ಶಾಲೆಯ ಹಿಂದೆ ಹಲಸಿನ ಮರ, ಕೆಳಗೆ ಬೆಂಚು. ಉಪದೇಶ ಮಾಡುತ್ತಾರೇನೋ ಎಂದುಕೊಂಡು ಹೋದೆ. ಅವರು ಒಂದು ಬುಟ್ಟಿ ಸೀಬೆಹಣ್ಣು ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಮಕ್ಕಳು ತಿನ್ನುತ್ತ ಬಾಯಿಗೆ ಬಂದದ್ದು ಹೇಳುತ್ತಿದ್ದರು, ಕುಮಾರಿ ಅದನ್ನು ನನಗೆ ಮೆಲ್ಲಗೆ ತಮಿಳಿನಲ್ಲಿ ಹೇಳುತ್ತಿದ್ದರು. ತಂಗಿ ಪುಸ್ತಕ ಹರಿದಳು, ಹೊಡೆದೆ ಎಂದು ಒಬ್ಬ ಹೇಳಿದ. ನಿನ್ನೆ ಬಸ್ಸಿನಲ್ಲಿ ಗೆಳತಿಯರಿದ್ದರು, ಸುಪುನ್ ನನ್ನ ತಮ್ಮನೇ ಅಲ್ಲ ಎನ್ನುವ ಹಾಗೆ ಬೇರೆ ಸೀಟಿನಲ್ಲಿ ಕೂತೆ ಎಂದಳು ನದೀಶಾ.

ಕುಮಾರಿ ತಪ್ಪು ಎನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಅವನು ಏನು ಮಾಡಿದ ಎಂದು ಕೇಳಿದರು.

"ಎದ್ದು ಬಂದು ನನ್ನ ತೊಡೆಯ ಮೇಲೆ ಕೂತ."

ಮಕ್ಕಳೆಲ್ಲ ನಕ್ಕರು, ನದೀಶಾಳೂ ನಕ್ಕಳು. ನಗುತ್ತ ಕಣ್ಣು ಒರೆಸಿಕೊಂಡಳು. ಇಂಥದ್ದನ್ನು ಬಾಯಿ ಬಿಟ್ಟು ಹೇಳಬಹುದು, ಹೇಳಿದ ಮೇಲೆ ಸೀಬೆಹಣ್ಣು ತಿನ್ನಬಹುದು ಎನ್ನುವುದು ನನಗೆ ಆವತ್ತಿನವರೆಗೆ ತಿಳಿದಿರಲಿಲ್ಲ.

ನೀನೂ ಏನಾದರೂ ಹೇಳುತ್ತೀಯಾ ಎಂದು ಕುಮಾರಿ ನನ್ನ ಕಡೆ ತಿರುಗಿದರು. ಏನೂ ಇಲ್ಲ ಎನ್ನಲು ಹೊರಟವಳು ಹೇಳಿಬಿಟ್ಟೆ. ತಮ್ಮನನ್ನು ಶಾಲೆ ಬಿಡಿಸಿದ ಸುಳ್ಳನ್ನು ಮೊದಲ ಬಾರಿಗೆ ಹೇಳಿದ್ದು ಕನ್ನಡದಲ್ಲಲ್ಲ, ನಲ್ಲಿ ಜಗಳದ ತಮಿಳಿನಲ್ಲಿ. ಅವ್ವನಿಗೆ ಕೇಳಿಸದ ದೇಶದಲ್ಲಿ, ಅವ್ವನಿಗೆ ಬಾರದ ಭಾಷೆಯಲ್ಲಿ ಹೇಳುವುದು ಎಷ್ಟು ಸುಲಭವಾಗಿತ್ತು ಎಂದರೆ, ಹೇಳುವಾಗಲೇ ಅದು ಮೋಸ ಅನಿಸಿತು.

ಕುಮಾರಿ ಅದನ್ನು ಸಿಂಹಳಕ್ಕೆ ತಿರುಗಿಸಿದ ಮೇಲೆ ತಂಗಿಗೆ ಹೊಡೆದ ಹುಡುಗ ಕೇಳಿದ, ಆಮೇಲೆ ಶಾಲೆಯವರು ಮನೆಗೆ ಬರಲಿಲ್ಲವಾ ಎಂದು. ಇಲ್ಲ ಎಂದೆ. ಅವನು ನಂಬಲಿಲ್ಲ. ಇಲ್ಲಿ ಮಗು ಸತತ ಮೂರು ದಿನ ಬರದಿದ್ದರೆ ಕುಮಾರಿ ಟೀಚರ್ ಛತ್ರಿ ಹಿಡಿದು ಬೆಟ್ಟ ಹತ್ತಿ ಮನೆಗೇ ಬಂದುಬಿಡುತ್ತಾರೆ, ಬಚ್ಚಿಟ್ಟುಕೊಂಡರೂ ಬಿಡುವುದಿಲ್ಲ ಎಂದ. ಮತ್ತೆ ನಗು. ನನಗೆ ಮಾತ್ರ ನಗು ಬರಲಿಲ್ಲ. ಅಭಿ ಮನೆಯಲ್ಲಿ ಕೂತು ವಾರ ಕಳೆದಿತ್ತು. ಅವನ ಮನೆಗೆ ಹೋಗಿ ಕೇಳಬೇಕಾದ ಶಾಲೆಯವಳು ನಾನೇ, ಮತ್ತು ನಾನು ಗೊತ್ತಿದ್ದೂ ಹೋಗಿರಲಿಲ್ಲ.

ಆವತ್ತು ಶಾಲೆಯಿಂದ ಬೆಟ್ಟ ಇಳಿಯುವಾಗ ವ್ಯಾನಿನಲ್ಲಿ ಮಹದೇವಪ್ಪ ಮೇಷ್ಟ್ರು ಯಾಕಮ್ಮ ಮಂಕಾಗಿದ್ದೀಯ ಎಂದು ಕೇಳಿದರು. ಅವರಿಗೂ ಎಲ್ಲ ಹೇಳಿದೆ, ಕನ್ನಡದಲ್ಲಿ.

"ನಾನೂ ಮೇಷ್ಟ್ರೇ ಕಣಮ್ಮ" ಎಂದರು. "ಅಂಥ ಹುಡುಗ ಬರದೇ ಹೋದ್ರೆ ನಮಗೂ ಒಂಥರಾ ಹಗುರವೇ. ಅದಕ್ಕೇ ಯಾರೂ ಕೇಳೋಕೆ ಹೋಗಲ್ಲ. ನಾನೂ ಹೋಗಿಲ್ಲ ಎಷ್ಟೋ ಸಲ."

ಅವರು ಅಷ್ಟು ನಿಜ ಹೇಳಿದ ಮೇಲೆ ನಾನೂ ಇನ್ನೊಂದನ್ನು ಬಚ್ಚಿಟ್ಟುಕೊಳ್ಳುವುದು ಸರಿಯಲ್ಲ ಅನಿಸಿ, ಕೆಂಪು ಚಟ್ನಿಯಲ್ಲಿ ಒಣಮೀನು ಇದೆ ಮೇಷ್ಟ್ರೇ ಎಂದೆ.

ಅವರು ಕಿಟಕಿಯ ಹೊರಗೆ ನೋಡಿದರು. ಒಂದು ತಿರುವು ಕಳೆಯಿತು. "ಮೊದಲ ದಿನವೇ ಗೊತ್ತಾಗಿತ್ತಾ?"

"ಹೂಂ ಸಾ."

"ಹೇಳಬಾರದಿತ್ತಾ?"

"ನೀವು ಮೂರನೇ ಸಲ ಹಾಕಿಸ್ಕೋತಿದ್ರಿ."

ಮುಂದಿನ ಸೀಟಿನಲ್ಲಿ ಮೇಡಂ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ಮೇಷ್ಟ್ರು ಉಳಿದ ದಿನವೆಲ್ಲ ಹುರಿಹಿಟ್ಟು ಕಲಸಿಕೊಂಡು ತಿಂದರು.

ಹೆಮ್ಮಿಗೆ

ಊರಿಗೆ ಬಂದ ಮಾರನೆಯ ದಿನವೇ ರತ್ನಳ ಮನೆಗೆ ಹೋದೆ. ಅವಳು ಒಲೆಯ ಮುಂದಿದ್ದಳು. ಅಭಿ ಜಗಲಿಯ ಮೇಲೆ ಕೂತು ಒಂದು ಮುಚ್ಚಳ ತಿರುಗಿಸುತ್ತಿದ್ದ. ಸಹನಾ ನನ್ನನ್ನು ಕಂಡು ಕೊಡ ತೆಗೆದುಕೊಂಡು ಹೊರಟಳು. ಇರು ಎಂದೆ.

ಮೊದಲು ನನ್ನ ಕಥೆ ಹೇಳಿದೆ. ಆಮೇಲೆ, ಹೆಡ್ ಮಿಸ್ ಏನೂ ಹೇಳಿಲ್ಲ, ಸಹನಾಳನ್ನು ಹೊತ್ತುಗೊತ್ತಿಲ್ಲದೆ ಕ್ಲಾಸಿನಿಂದ ಎಬ್ಬಿಸಿ ಅವಳ ಬಾಯಲ್ಲಿ ಈ ಮಾತು ಬರಿಸಿದವಳು ನಾನು, ಅವಳನ್ನು ಬೈಯಬೇಡ, ಇನ್ನು ಮೇಲೆ ಅವಳನ್ನು ಕರೆಯುವುದಿಲ್ಲ, ಅಭಿಯನ್ನು ಕಳಿಸು ಎಂದೆ.

ರತ್ನ ಮಗಳ ಕಡೆ ಒಂದು ಸಲ ನೋಡಿದಳು. ಸಹನಾ ಕೊಡವನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಳು. ಸಿಟ್ಟು ನನ್ನ ಮೇಲೆ ತಿರುಗಿತು.

"ನಿಮ್ಮವ್ವಂಗೆ ಏಳಿದ್ದೀಯಾ ಇದ?"

"ಇಲ್ಲ."

"ಇಷ್ಟ್ ವರ್ಸ ಆದ್ರೂವೆ?"

"ಇಲ್ಲ ಕಣ್ ರತ್ನ."

"ಮೊದ್ಲು ಅವ್ರಿಗೇಳು. ಆಮೇಕೆ ನಮ್ಮನೆ ಬಾಗ್ಲಿಗ್ ಬಾ. ನಿನ್ ಮಾತ್ ನಂಬಿ ನನ್ ಮಗನ್ನ ಕಳ್ಸದೆಂಗೆ?"

ಅವಳು ಕೇಳಿದ್ದು ನ್ಯಾಯವಾಗಿತ್ತು. ನಾನು ಎದ್ದು ಅವ್ವನ ಮನೆಗೆ ಹೋದೆ. ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು, ನಂಜ ಸಿಪ್ಪೆಯನ್ನು ಸಾಲಾಗಿ ಜೋಡಿಸುತ್ತಿದ್ದ. ಹೇಳಿದೆ. ಈ ಸಲ ಯಾವ ತಮಿಳೂ ನೆರವಿಗೆ ಬರಲಿಲ್ಲ. ಅವ್ವ ಕೈ ನಿಲ್ಲಿಸಲಿಲ್ಲ. ಮೊರದಲ್ಲಿದ್ದದ್ದು ಮುಗಿಯುವವರೆಗೂ ಬಿಡಿಸಿ, ಎದ್ದು ಒಳಗೆ ಹೋದಳು. ಎಷ್ಟೋ ದಿನ ನನ್ನನ್ನು ಮಾತಾಡಿಸಲಿಲ್ಲ. ಸಾರು ಮಾಡಿದರೆ ಬಟ್ಟಲು ತಂದು ನನ್ನ ಮನೆಯ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು, ಅಷ್ಟೇ. ಆಮೇಲೊಂದು ದಿನ, ಆ ಮೇಷ್ಟ್ರು ಈಗ ಎಲ್ಲಿದ್ದಾರೆ ಎಂದು ಕೇಳಿದಳು. ನರಸೀಪುರದಲ್ಲಿ ಮನೆ ಕಟ್ಟಿಕೊಂಡಿದ್ದಾರಂತೆ ಎಂದೆ. ಸಂತೆಯಲ್ಲಿ ಸಿಕ್ಕರೆ ಮಾತಾಡಿಸುತ್ತೇನೆ ಎಂದಳು. ಇನ್ನೂ ಸಿಕ್ಕಿಲ್ಲ.

ನಂಜನಿಗೂ ಹೇಳಿದೆ. ಅವನು ಕೇಳಿಸಿಕೊಂಡು, ನಕ್ಕು, ಸಿಪ್ಪೆಯ ಸಾಲಿನಲ್ಲಿ ನಾನು ಕೆಡಿಸಿದ ಜಾಗ ಸರಿಮಾಡಿದ. ಅವನಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ತಿಳಿಯದು ಎಂದುಕೊಂಡು ನಾನು ನೆಮ್ಮದಿಯಾಗಿರುವುದು ಸರಿಯಲ್ಲ ಎನ್ನುವುದು ಗೊತ್ತಿದೆ.

ರತ್ನ ಅವ್ವನನ್ನೇ ಕೇಳಿ ಖಾತ್ರಿ ಮಾಡಿಕೊಂಡಳೆಂದು ಕಾಣುತ್ತದೆ. ಒಂದು ಸೋಮವಾರ ಅಭಿಯನ್ನು ತಾನೇ ಕರೆತಂದು ಬಿಟ್ಟಳು. ಹೆಡ್ ಮಿಸ್ ಹತ್ತಿರ ನಾನು ಮೊದಲೇ ಮಾತಾಡಿದ್ದೆ. ಇನ್ನು ಅವನ ಅಕ್ಕನನ್ನು ಎಬ್ಬಿಸುವುದಿಲ್ಲ ಎಂದರೆ ಅವರಿಗೆ ಭಯವಾಯಿತು, ಉಳಿದ ಮಕ್ಕಳ ಪಾಠ ಏನು ಎಂದರು. ಒಂದು ತಿಂಗಳು ನೋಡಿ ಎಂದು ಬೇಡಿಕೊಂಡು ಒಪ್ಪಿಸಿದೆ.

ಆವತ್ತು ಬಿಸಿಯೂಟದ ತಟ್ಟೆಗಳ ಸದ್ದಿಗೆ ಅಭಿ ಕಿವಿ ಮುಚ್ಚಿಕೊಂಡ. ಕಿರುಚಿದ. ಗೋಡೆಯ ಕಡೆ ಓಡಿದ. ನಾನು ಹೋಗಿ ಗೋಡೆಗೂ ಅವನ ತಲೆಗೂ ನಡುವೆ ಕೈಯಿಟ್ಟು ಕೂತೆ. ಅವನು ನನ್ನ ಅಂಗೈಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಅವನ ಕ್ಲಾಸಿನ ಒಬ್ಬ ಹುಡುಗಿ ಬಂದು ಸ್ವಲ್ಪ ದೂರದಲ್ಲಿ ಕೂತು, ಏನು ಮಾಡಲಿ ಎಂಬಂತೆ ನನ್ನನ್ನು ನೋಡಿದಳು. ಸುಮ್ಮನೆ ಕೂತಿರು ಎಂದೆ. ಅಂಗಳದ ಆಚೆ ಊಟದ ಸಾಲಿನಲ್ಲಿದ್ದ ಸಹನಾ ತಟ್ಟೆ ಬಿಟ್ಟು ಎದ್ದು ನಿಂತಳು. ನಾನು ಇನ್ನೊಂದು ಕೈ ಎತ್ತಿ ಕೂತ್ಕೋ ಎಂದು ಸನ್ನೆ ಮಾಡಿದೆ. ಅವಳು ಕೂರಲಿಲ್ಲ, ಬರಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಕೂತಳು.

ಅಭಿ ಆವತ್ತು ಬಹಳ ಅತ್ತ. ಸುಸ್ತಾಗಿ ನನ್ನ ಕಾಲ ಮೇಲೆ ಮಲಗುವವರೆಗೂ ಅತ್ತ. ಲಂಕೆಯಲ್ಲಿ ಕಲಿತು ಬಂದ ವಿದ್ಯೆ ಇಷ್ಟೇನಾ ಎನ್ನುವ ಹಾಗೆ ಹೆಡ್ ಮಿಸ್ ಬಾಗಿಲಲ್ಲಿ ನಿಂತು ನೋಡಿದರು.

ಶಾಲೆ ಬಿಟ್ಟ ಮೇಲೆ ಸಹನಾ ಬಂದು ತಮ್ಮನ ಚೀಲ ಹೆಗಲಿಗೆ ಹಾಕಿಕೊಂಡಳು.

"ನಾಳಿಕ್ಕೂ ಇಂಗೇ ಅತ್ರೆ ಅಕ್ಕ?"

"ನಾಳಿಕ್ಕೂ ನಾನೇ ಇರ್ತೀನಿ. ನೀನು ಉಣ್ಣು."

ಅವಳು ನನ್ನ ಕೆಂಪಾದ ಅಂಗೈ ನೋಡಿದಳು. ಆಮೇಲೆ ತಮ್ಮನ ಕೈ ಹಿಡಿದುಕೊಂಡು ಮನೆಗೆ ಹೊರಟಳು.